ಎಲ್ಲೋ ಸುರಿವ ಮಳೆ

ಭಾರತೀನಗರದ ಕಬ್ಬಿನ ಗದ್ದೆಗೆ ನೀರು ತಲೆಯ ಮೇಲಿನ ಮೋಡದಿಂದ ಮಾತ್ರ ಬರುವುದಿಲ್ಲ. ಕೊಡಗಿನಲ್ಲಿ ಸುರಿದದ್ದು ಕನ್ನಂಬಾಡಿಯಲ್ಲಿ ನಿಂತು, ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬರಬೇಕು. ಹಾಗಾಗಿ ಹಳಬರು ಇಂದಿಗೂ ದೊಡ್ಡಿ ಎನ್ನುವ ಈ ಊರಿನಲ್ಲಿ, ಎಲ್ಲೋ ಬಿದ್ದ ಮಳೆಯ ಸುದ್ದಿಗೆ ರೇಡಿಯೊ ಮುಂದೆ ಕೂರುವುದು ಹೊಸದೇನಲ್ಲ. ಕಟ್ಟೆಯ ನೀರು 124.80 ಅಡಿ ಮುಟ್ಟೀತೇ ಎಂಬುದು ಅಪ್ಪನ ಚಿಂತೆ. ಅದೇ ಪೆಟ್ಟಿಗೆಯ ಮುಳ್ಳನ್ನು ಶಾರ್ಟ್‌ವೇವ್‌ಗೆ ತಿರುಗಿಸುವ ಮಗನ ಚಿಂತೆಯೇ ಬೇರೆ: ಲಂಡನ್ನಿನಲ್ಲಿ ಮಳೆ ನಿಂತಿತೇ?

ಇಂಗ್ಲೆಂಡಿನ ಬೇಸಿಗೆ ಎಂದರೆ ನಮ್ಮ ಏಪ್ರಿಲ್ ಬಿಸಿಲನ್ನು ನೆನೆಯಬಾರದು. ಜೂನ್, ಜುಲೈ, ಆಗಸ್ಟ್ ಅಲ್ಲಿನ ಬೇಸಿಗೆ. ಆದರೂ ಸ್ವೆಟರ್, ಕೊಡೆ ಬಿಡುವಂತಿಲ್ಲ. ಅಲ್ಲಿ ಬೆಳಗ್ಗೆ ಹನ್ನೊಂದೂವರೆಗೆ ಆಟ ಶುರುವಾದರೆ ಇಲ್ಲಿ ಸಂಜೆ ನಾಲ್ಕು. ಶಾಲೆ ಬಿಟ್ಟ ಹುಡುಗನಿಗೆ ಹೇಳಿ ಮಾಡಿಸಿದ ಹೊತ್ತು! ಮನೆಪಾಠದ ಗತಿ ಏನಾಯಿತೆಂದು ಮಾತ್ರ ತಂದೆ-ತಾಯಂದಿರನ್ನೇ ಕೇಳಬೇಕು.

ಆ ವೀಕ್ಷಕ ವಿವರಣೆಗೂ ಭಾರತಕ್ಕೂ ಹಳೆಯ ನಂಟು. 1946ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ, ಭಾರತದ ಕೇಳುಗರಿಗಾಗಿ ಪಂದ್ಯಗಳನ್ನು ಬಣ್ಣಿಸಲು ಬಿಬಿಸಿ ಒಬ್ಬ ಹೊಸಬನನ್ನು ಕಳಿಸಿತು. ಹೆಸರು ಜಾನ್ ಆರ್ಲಟ್. ಹಿಂದೆ ಸೌತಾಂಪ್ಟನ್ನಿನಲ್ಲಿ ಪೊಲೀಸ್ ಕೆಲಸ ಮಾಡಿಕೊಂಡು ಕವಿತೆ ಬರೆಯುತ್ತಿದ್ದವರು. ಆ ಬೇಸಿಗೆಯೋ ಬರೀ ಒದ್ದೆ. ಆಟ ನಿಂತಾಗಲೂ ಮಾತು ನಿಲ್ಲಬಾರದಲ್ಲ? ಮೋಡ, ಪಾರಿವಾಳ, ಕೊಡೆ ಹಿಡಿದ ಪ್ರೇಕ್ಷಕ ಎಲ್ಲವೂ ಅವರ ಹ್ಯಾಂಪ್‌ಷೈರ್ ಹಳ್ಳಿಯ ಎಳೆತದ ದನಿಯಲ್ಲಿ ಬರುತ್ತಿದ್ದವು. ಊರಿನ ದನಿಯನ್ನು ಅವರು ಕೊನೆಯವರೆಗೂ ತಿದ್ದಿಕೊಳ್ಳಲಿಲ್ಲ.

ಆ ಮಳೆಯ ಲೆಕ್ಕವೇ ವಿಚಿತ್ರ. 1971ರಲ್ಲಿ ಅಜಿತ್ ವಾಡೇಕರ್ ತಂಡಕ್ಕೆ ಲಾರ್ಡ್ಸ್‌ನಲ್ಲಿ ಗೆಲ್ಲಲು 183 ಬೇಕಿತ್ತು. ಎಂಟು ವಿಕೆಟ್‌ಗೆ 145 ಆಗಿದ್ದಾಗ ಮಳೆ ಬಂತು. ಗೆಲುವು ಯಾರ ಬಾಯಿಂದ ಜಾರಿತೆಂದು ಇಂದಿಗೂ ಜಗಳವಾಡಬಹುದು. ಮ್ಯಾಂಚೆಸ್ಟರಿನಲ್ಲಿ ಅನುಮಾನವೇ ಇಲ್ಲ: 420ರ ಗುರಿಯ ಮುಂದೆ ಮೂರು ವಿಕೆಟ್‌ಗೆ 65, ಕೊನೆಯ ದಿನವಿಡೀ ಸುರಿದ ಮಳೆ ಭಾರತವನ್ನು ಕಾಪಾಡಿತು. ಓವಲ್‌ನಲ್ಲೂ ಎರಡನೆಯ ದಿನ ಮಳೆಯ ಪಾಲು. ಇದೂ ಡ್ರಾ ಎಂದು ರೇಡಿಯೊ ಆರಿಸಿದವರು ಕೆಟ್ಟರು!

ಆಗಸ್ಟ್ 23, ಸೋಮವಾರ. ಮೊದಲ ಇನಿಂಗ್ಸ್‌ನಲ್ಲಿ 71 ರನ್ ಮುಂದಿದ್ದ ಇಂಗ್ಲೆಂಡಿಗೆ ಮೈಸೂರಿನ ಬಿ.ಎಸ್. ಚಂದ್ರಶೇಖರ್ ಎದುರಾದರು. ಎಳವೆಯಲ್ಲಿ ಪೋಲಿಯೊ ತಗುಲಿ ಬಲಗೈ ಸೊರಗಿತ್ತು. ಚೆಂಡು ಎಸೆಯಲು ಎಡಗೈ, ಬೌಲ್ ಮಾಡಲು ಮಾತ್ರ ಆ ಸೊರಗಿದ ಬಲಗೈ. ಲಕ್‌ಹರ್ಸ್ಟ್ ನೇರವಾಗಿ ಹೊಡೆದ ಚೆಂಡು ಚಂದ್ರ ಅವರ ಬೆರಳಿಗೆ ತಾಗಿ ಎದುರು ತುದಿಯ ವಿಕೆಟ್‌ಗೆ ಬಡಿಯಿತು, ಜೇಮ್ಸನ್ ರನೌಟ್. ಬಳಿಕ ಎಡ್ರಿಚ್ ಬೌಲ್ಡ್, ಫ್ಲೆಚರ್ ಮೊದಲ ಚೆಂಡಿಗೇ ಸೋಲ್ಕರ್ ಕೈಗೆ. ಇಂಗ್ಲೆಂಡ್ 101ಕ್ಕೆ ಆಲೌಟ್. ಚಂದ್ರ 38 ರನ್ನಿಗೆ ಆರು ವಿಕೆಟ್. ಮರುದಿನ ಗಣೇಶ ಚತುರ್ಥಿ. ಚೆಸಿಂಗ್ಟನ್ ಮೃಗಾಲಯದಿಂದ ಬೆಲ್ಲಾ ಎಂಬ ಆನೆಯನ್ನು ಮೈದಾನಕ್ಕೆ ಕರೆತಂದಿದ್ದರು. ಭದ್ರಾವತಿಯ ವಿಶ್ವನಾಥ್ 33 ಗಳಿಸಿ ಆಧಾರವಾದರು. ಭಾರತ ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಗೆದ್ದಿತು, ಸರಣಿಯನ್ನೂ ಗೆದ್ದಿತು.

ಟಿವಿ ಬಂದ ಮೇಲೆ ಎಲ್ಲ ಕಂಡಿತೇ? 1983ರ ವಿಶ್ವಕಪ್‌ನಲ್ಲಿ ಜಿಂಬಾಬ್ವೆ ಎದುರು ಭಾರತ ಐದು ವಿಕೆಟ್‌ಗೆ 17 ರನ್! ಕಪಿಲ್ ದೇವ್ 175 ಬಾರಿಸಿದರು. ಬೆಂಗಳೂರಿನ ರೋಜರ್ ಬಿನ್ನಿ, ಕಿರ್ಮಾನಿ ಜೊತೆಗೆ ನಿಂತರು. ಟನ್‌ಬ್ರಿಜ್ ವೆಲ್ಸ್‌ನ ಆ ಮೈದಾನದಲ್ಲಿ ಟಿವಿ ಕ್ಯಾಮೆರಾವೇ ಇರಲಿಲ್ಲ. ಆ ಇನಿಂಗ್ಸ್ ಉಳಿದದ್ದು ಕಂಡವರ ಬಾಯಿಮಾತಿನಲ್ಲಿ.

ಆರ್ಲಟ್ ಅದಕ್ಕೆ ಮೊದಲೇ, 1980ರಲ್ಲಿ, ನಿವೃತ್ತರಾಗಿದ್ದರು. ಇಂಗ್ಲೆಂಡ್-ಆಸ್ಟ್ರೇಲಿಯ ಶತಮಾನೋತ್ಸವ ಟೆಸ್ಟ್, ಲಾರ್ಡ್ಸ್ ಮೈದಾನ. ಅಲ್ಲೂ ಮಳೆ, ನೆಲ ಒಣಗಿಲ್ಲವೆಂದು ಆಟ ತಡವಾದಾಗ ಕ್ಲಬ್ಬಿನ ಸದಸ್ಯರೇ ಅಂಪೈರ್‌ಗಳ ಮೇಲೆ ರೇಗಿ ತಳ್ಳಾಡಿದ್ದರು. ಮೂವತ್ತನಾಲ್ಕು ವರ್ಷ ಮಾತಾಡಿದವರು ಕೊನೆಯ ಸರದಿಯಲ್ಲಿ ವಿದಾಯದ ಭಾಷಣವೇನಾದರೂ ಮಾಡಿಯಾರೆಂದು ಎಲ್ಲರೂ ಕಾದರು. ಮುಂದೆ ಮಾತಾಡುವವರ ಹೆಸರು ಹೇಳಿ ಅವರು ಎದ್ದುಹೋದರು. ಮೈದಾನದಲ್ಲಿದ್ದ ಆಟಗಾರರು ಆಟ ನಿಲ್ಲಿಸಿ, ಪೆಟ್ಟಿಗೆಯಂಥ ಆ ಕೋಣೆಯ ಕಡೆ ತಿರುಗಿ ಚಪ್ಪಾಳೆ ತಟ್ಟಿದರು.