ಪಾಟಾ ಹಾಕಿದರೆ ಬ್ರೇಕು ಗಟ್ಟಿಯಾದೀತೆ?

ತೊಗರಿ ಕೊಯ್ಯುವ ಕಾಲ ಬಂತೆಂದರೆ ನಮ್ಮ ತೆಂಗಳಿ ಕಡೆಯ ಸರಕಿನ ಟೆಂಪೊಗಳ ಸ್ಪ್ರಿಂಗಿಗೆ ಇನ್ನೊಂದು ಪಾಟಾ ಬೀಳುತ್ತದೆ. “ಅಕ್ಕಾರ, ಇನ್ನ ಹತ್ತು ಹೆಣ್ಣಾಳು ಹತ್ತಿದ್ರೂ ಗಾಡಿ ಕುಂದ್ರಂಗಿಲ್ಲ” ಎಂದು ಒಬ್ಬ ಚಾಲಕ ನನ್ನೆದುರೇ ಹೆಮ್ಮೆಪಟ್ಟ.

ಕೂರುವುದಿಲ್ಲ, ಒಪ್ಪಿದೆ. ಆದರೆ ಗಟ್ಟಿಯಾದದ್ದು ಸ್ಪ್ರಿಂಗ್ ಮಾತ್ರ. ಬ್ರೇಕು, ಟೈರು, ಅಚ್ಚು ಹಳೆಯವೇ. ಭಾರ ಹೆಚ್ಚಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಜನ ನಿಂತೇ ಹೋದರೆ ತಿರುವಿನಲ್ಲಿ ಮಗುಚುವ ಭಯ. ಮೊದಲು ಗಾಡಿಯೇ ಕುಸಿದು “ಸಾಕು” ಎನ್ನುತ್ತಿತ್ತು. ಈಗ ಅದರ ಬಾಯನ್ನೂ ಕಟ್ಟಿದ್ದಾರೆ.

1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಮಿನಂತೆ ನೋಂದಣಿಯಲ್ಲಿ ಬರೆದ ತೂಕವೇ ಮಿತಿ. ಪಾಟಾ ಹಾಕಿಸಿದ ಮಾತ್ರಕ್ಕೆ ಅದು ಏರದು.

ಪಟ್ಟಣದಲ್ಲಿ ಕುಳಿತು ಬೇಳೆ ಆರಿಸುವ ತಾಯಂದಿರೇ, ಹೊಲ ನಿಮ್ಮ ಮನೆಯದಾದರೆ ಯಜಮಾನರಿಗೆ ಹೇಳಿ: ಆಳುಗಳನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಬಾಡಿಗೆ ಕೊಡಲಿ. ಹೆಣ್ಣುಮಕ್ಕಳು ತೊಗರಿಯ ಚೀಲಗಳಲ್ಲ.