ಫೋನಿನ ಆ ತುದಿಯಲ್ಲಿ

ಮೊನ್ನೆ ಬಸವಕಲ್ಯಾಣಕ್ಕೆ ಸಂಬಂಧಿಕರೊಬ್ಬರ ಮದುವೆಗೆ ಹೋಗಿದ್ದೆ. ವಲೀಮಾದ ಊಟ ಮುಗಿಸಿ ಹೆಂಗಸರೆಲ್ಲ ಒಳಕೋಣೆಯಲ್ಲಿ ಮಾತಾಡುತ್ತಾ ಕುಳಿತಿದ್ದೆವು. ಯಾರದೋ ಮೊಬೈಲ್ ರಿಂಗಾಯಿತು. ಮೂಲೆಯಲ್ಲಿದ್ದ ಹುಡುಗಿಯೊಬ್ಬಳು ಬೆಚ್ಚಿಬಿದ್ದಳು. ಹುಮನಾಬಾದಿನ ನಮ್ಮ ನೆಂಟರ ಮಗಳು. ಪದವಿ ಮುಗಿಸಿ ಹೈದರಾಬಾದಿನಲ್ಲಿ ಒಂದು ಹಣಕಾಸು ಕಂಪೆನಿಯ ಕಾಲ್ ಸೆಂಟರ್‌ನಲ್ಲಿ ಕೆಲಸ ಮಾಡುತ್ತಿದ್ದಾಳೆ. "ರಿಂಗ್ ಕೇಳಿದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ ಖಾಲಾ" ಎಂದಳು.

ಕಾಲ್ ಸೆಂಟರ್ ಎಂದರೆ ಹಿಂದೆ ನಮಗೆ ನೆನಪಾಗುತ್ತಿದ್ದುದು ಬೆಂಗಳೂರು, ರಾತ್ರಿ ಪಾಳಿ, ಅಮೆರಿಕದವರ ಇಂಗ್ಲಿಷ್. ಆದರೆ ಸಾಲದ ಕಂತು ಕೇಳಲು ಸಾಲಗಾರರ ಭಾಷೆಯೇ ಬೇಕು. ಬೀದರ್ ಜಿಲ್ಲೆಯ ಮಕ್ಕಳಿಗೆ ಭಾಷೆಗಳ ಬರವಿಲ್ಲ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಒಂದು ಗಡಿಯಲ್ಲಿ ಮರಾಠಿ, ಇನ್ನೊಂದು ಗಡಿಯಲ್ಲಿ ತೆಲುಗು. ಅವಳಿಗೆ ಕೆಲಸ ಸಿಕ್ಕಿದ್ದೂ ಈ ನಾಲಗೆಯ ಬಲದಿಂದಲೇ.

ಒಂದು ಕರೆ ಮುಗಿಯುತ್ತಲೇ ಕಂಪ್ಯೂಟರ್ ತಾನಾಗಿ ಇನ್ನೊಂದು ನಂಬರಿಗೆ ಕರೆ ಹಚ್ಚುತ್ತದೆ. ಆಡಿದ ಮಾತೆಲ್ಲ ರೆಕಾರ್ಡ್ ಆಗುತ್ತದೆ. ನೀರು ಕುಡಿಯಲು ಎದ್ದ ನಿಮಿಷಗಳಿಗೂ ಲೆಕ್ಕ. ಕಂತು ತಪ್ಪಿ 90 ದಿನ ದಾಟಿದರೆ ಅದು ಅನುತ್ಪಾದಕ ಸಾಲವೆಂದು ದಾಖಲಾಗುತ್ತದೆ. ಅದಕ್ಕೇ ತಿಂಗಳ ಕೊನೆಯಲ್ಲಿ ಒತ್ತಡ ಇಮ್ಮಡಿ. ಆ ಕಡೆಯವರು ಬೈಯುತ್ತಾರೆ, ಈ ಕಡೆ ಟೀಮ್ ಲೀಡರ್ ಗದರಿಸುತ್ತಾನೆ.

ಒಂದು ದಿನ ಪರದೆಯ ಮೇಲೆ ಹುಮನಾಬಾದ್ ತಾಲೂಕಿನ ವಿಳಾಸ ಬಂತಂತೆ. ಹೊಲಿಗೆ ಯಂತ್ರಕ್ಕೆ ಸಾಲ ಮಾಡಿದ ಹೆಂಗಸು, ಎರಡು ಕಂತು ಬಾಕಿ. ಇವಳು ಕಲಿಸಿಕೊಟ್ಟ ಮಾತುಗಳನ್ನು ಗಟ್ಟಿದನಿಯಲ್ಲಿ ಹೇಳಿದಳು. ಆ ತುದಿಯಿಂದ ಮೆಲ್ಲನೆ ಪ್ರಶ್ನೆ ಬಂತು: "ನಿನ್ನ ಮಾತು ನಮ್ಮೂರ ಕಡೆಯದೇ ಅಲ್ವಾ ಬೇಟಿ? ಯಾರ ಮನೆಯವಳು ನೀನು?"

"ಬಾಯಿ ಕಟ್ಟಿಹೋಯಿತು ಖಾಲಾ. ಮುಂದಿನ ತಿಂಗಳು ಕಟ್ಟುತ್ತೇನೆ ಎಂದರು, ಹಾಗೆಯೇ ಬರೆದುಕೊಂಡೆ. ಅವತ್ತು ನನ್ನ ಟಾರ್ಗೆಟ್ ಆಗಲಿಲ್ಲ."

ಬಡ್ಡಿ ಕಂಪೆನಿಯ ಸಂಬಳ ಬೇಡ, ಬಿಟ್ಟುಬಿಡು ಎಂದರು ಒಬ್ಬರು. ತಮ್ಮನ ಕಾಲೇಜು ಫೀಸು ಯಾರು ಕಟ್ಟುತ್ತಾರೆ ಎಂದಳು ಅವಳು. ಯಾರೂ ಉತ್ತರಿಸಲಿಲ್ಲ. ಬಿಡು ಎನ್ನುವುದು ಸುಲಭ. ಬೇರೆ ಕೆಲಸ ಹುಡುಕಿಕೊಡುವುದು ಕಷ್ಟ.

ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕೆಂದು ಪವಿತ್ರ ಕುರ್‌ಆನ್ (ಅಲ್ ಬಕರಃ: 280) ತಾಕೀತು ಮಾಡಿದೆ. ನಾಡಿನ ನಿಯಮವೂ ಬೆದರಿಕೆಯನ್ನು ಒಪ್ಪುವುದಿಲ್ಲ. ರಿಸರ್ವ್ ಬ್ಯಾಂಕಿನ ಆದೇಶಗಳ ಪ್ರಕಾರ ಬಾಕಿ ಕೇಳಲು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಕಿರುಸಾಲವಾದರೆ ಬೆಳಿಗ್ಗೆ 9ರಿಂದ ಸಂಜೆ 6ರ ಒಳಗೆ ಮಾತ್ರ. ಬೈಯುವುದು, ಅವಮಾನಿಸುವುದು, ನೆಂಟರಿಷ್ಟರನ್ನು ಪೀಡಿಸುವುದು ನಿಷಿದ್ಧ. ವಸೂಲಿಯನ್ನು ಏಜೆಂಟರಿಗೆ ವಹಿಸಿದರೂ ಹೊಣೆ ಕಂಪೆನಿಯದೇ. ಮೊದಲು ಕಂಪೆನಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಈ ನಿಯಮ ಕಂತು ಕಟ್ಟುವವಳಿಗೂ ಗೊತ್ತಿರಬೇಕು, ಕರೆ ಮಾಡುವವಳಿಗೂ ಗೊತ್ತಿರಬೇಕು. ಬೆದರಿಸು ಎಂದು ಮೇಲಿನವರು ಹೇಳಿದರೆ, ಹಾಗೆ ಮಾಡುವಂತಿಲ್ಲ ಎನ್ನಲು ಆ ಹುಡುಗಿಗೂ ಒಂದು ಆಧಾರ ಬೇಕಲ್ಲವೇ?

ದುಡಿಮೆಯನ್ನು ಕಾಯಕವೆಂದು ಗೌರವಿಸಿದ ಶರಣರ ಊರು ಬಸವಕಲ್ಯಾಣ. ದುಡಿಮೆ ಹೊಟ್ಟೆ ತುಂಬಿಸಿದರೆ ಸಾಲದು, ರಾತ್ರಿ ನಿದ್ದೆಯೂ ಬರಬೇಕು. ಸಹೋದರಿಯರೇ, ನಿಮ್ಮ ಮಗಳು ಇಂಥ ಕೆಲಸದಿಂದ ರಜೆಗೆ ಮನೆಗೆ ಬಂದರೆ ಸಂಬಳ ಎಷ್ಟೆಂದು ಆಮೇಲೆ ಕೇಳಿ. ನಿದ್ದೆ ಬರುತ್ತದೆಯೇ ಎಂದು ಮೊದಲು ಕೇಳಿ. ಕಂತಿಗಾಗಿ ನಿಮಗೇ ಕರೆ ಬಂದರೆ ನಿಯಮ ಹೇಳಿ, ಸಮಯ ಕೇಳಿ, ಆದರೆ ಶಪಿಸಬೇಡಿ. ಆ ತುದಿಯಲ್ಲಿರುವವಳೂ ಯಾರದೋ ಮನೆಯ ಮಗಳು.