ಬಿರುಗಾಳಿಯ ಬೆನ್ನುಹತ್ತಿದವರು

2020ನೆಯ ಇಸವಿಯ ಆಗಸ್ಟ್ 10, ಸೋಮವಾರ. ಸಾಂಕ್ರಾಮಿಕದ ಕಾರಣದಿಂದ ಕಾಲೇಜುಗಳು ಬಾಗಿಲು ಹಾಕಿದ್ದ ಕಾಲ. ರಾತ್ರಿಯ ಊಟ ಮುಗಿಸಿ ಪುಸ್ತಕ ಹಿಡಿದು ಕುಳಿತಿದ್ದ ನನಗೆ ಹಳೆಯ ಶಿಷ್ಯನೊಬ್ಬನಿಂದ ಸಂದೇಶ ಬಂದಿತು. ಅವನು ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್ ಎಂಬ ನಗರದಲ್ಲಿ ಎಂಜಿನಿಯರ್. ತಮ್ಮ ಕಡೆಗೆ ದೊಡ್ಡದೊಂದು ಗಾಳಿಮಳೆ ಬರುತ್ತಿದೆಯೆಂದೂ, ರೇಡಾರಿನ ಚಿತ್ರವನ್ನು ಮೇಷ್ಟ್ರು ಒಮ್ಮೆ ನೋಡಲೇಬೇಕೆಂದೂ ಬರೆದಿದ್ದ. ಅಲ್ಲಿ ಆಗ ನಡುಹಗಲಿಗೆ ಇನ್ನೂ ಸ್ವಲ್ಪ ಹೊತ್ತಿತ್ತು.

ಅವನು ಕಳುಹಿಸಿದ ಚಿತ್ರವನ್ನು ಫೋನಿನಲ್ಲಿ ತೆರೆದೆ. ಉತ್ತರದಿಂದ ದಕ್ಷಿಣಕ್ಕೆ ಹಬ್ಬಿದ ಒಂದು ಕೆಂಪು ಗೆರೆ. ನಡುವೆ ಪೂರ್ವಕ್ಕೆ ಉಬ್ಬಿ, ಹೆದೆಯೇರಿಸಿದ ಬಿಲ್ಲಿನಂತೆ ಬಾಗಿತ್ತು. ಐದಾರು ನಿಮಿಷಕ್ಕೊಮ್ಮೆ ಹೊಸ ಚಿತ್ರ ಬರುವುದು. ಬಂದಾಗಲೆಲ್ಲ ಬಿಲ್ಲು ಪೂರ್ವಕ್ಕೆ ಒಂದಿಷ್ಟು ಸರಿದಿರುವುದು. ನನ್ನ ಶಿಷ್ಯನೊಬ್ಬನೇ ಅಲ್ಲ, ಆ ದೇಶದ ಹವಾಮಾನ ಹವ್ಯಾಸಿಗಳ ದೊಡ್ಡದೊಂದು ಸಮೂಹವೇ ಆ ಗೆರೆಯ ಮೇಲೆ ಕಣ್ಣಿಟ್ಟು ಕುಳಿತಿತ್ತು. ಬಾಗು ಎಲ್ಲಿ ಹೆಚ್ಚಿತು, ಯಾವ ಊರಿಗೆ ಎಷ್ಟು ಹೊತ್ತಿಗೆ ತಾಗೀತು, ಗಾಳಿಯ ವೇಗ ಎಷ್ಟಿದ್ದೀತು ಎಂದು ಅವರೊಳಗೆ ಲೆಕ್ಕ ನಡೆದಿತ್ತು. ಕ್ರಿಕೆಟ್ಟಿನ ಕೊನೆಯ ಓವರುಗಳನ್ನು ನೋಡುವವರಲ್ಲಿ ಇರುವ ತನ್ಮಯತೆಯೇ ಅಲ್ಲಿಯೂ ಇತ್ತು ಎಂದರೆ ತಪ್ಪಾಗದು. ಹನ್ನೊಂದು ಗಂಟೆಯ ಸುಮಾರಿಗೆ ಬಿಲ್ಲು ಸೀಡರ್ ರ‍್ಯಾಪಿಡ್ಸಿನ ಹೆಸರಿನ ಮೇಲೆ ಬಂದು ನಿಂತಿತು. ನಾನು ಬರೆದ ಸಂದೇಶಕ್ಕೆ ಮರುಮಾತು ಬರಲಿಲ್ಲ.

ಈ ಬಗೆಯ ಗಾಳಿಗೆ ಅಮೆರಿಕನ್ನರು ಡೆರೇಚೊ ಎನ್ನುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ 'ನೇರ' ಎಂದರ್ಥ. ಈ ಹೆಸರು ಹುಟ್ಟಿದ್ದು ಅದೇ ಅಯೋವಾದಲ್ಲಿ, ಸೀಡರ್ ರ‍್ಯಾಪಿಡ್ಸಿಗೆ ಇಪ್ಪತ್ತೇಳು ಮೈಲಿ ದೂರದ ಅಯೋವಾ ಸಿಟಿಯಲ್ಲಿದ್ದ ಒಬ್ಬ ಪ್ರಾಧ್ಯಾಪಕನಿಂದ ಎಂಬುದು ಸ್ವಾರಸ್ಯದ ಸಂಗತಿ. ಗುಸ್ಟಾವಸ್ ಹಿನ್ರಿಕ್ಸ್ ಎಂಬ ಈತ ಯೂರೋಪಿನಿಂದ ವಲಸೆ ಬಂದ ವಿಜ್ಞಾನಿ. 1875ರಲ್ಲಿ ಅಯೋವಾದ ಹವಾಮಾನ ಸೇವೆಯನ್ನು ಆರಂಭಿಸಿ, ಊರೂರುಗಳಲ್ಲಿದ್ದ ಸ್ವಯಂಸೇವಕರಿಂದ ಮಳೆಗಾಳಿಗಳ ವರದಿ ತರಿಸತೊಡಗಿದನು. 1877ರ ಜುಲೈ 31ರಂದು ರಾಜ್ಯವನ್ನು ಅಡ್ಡಹಾಯ್ದು ಹೋದ ಒಂದು ಬಿರುಗಾಳಿಯ ಹಾದಿಯನ್ನು ಅವನು ಗುರುತಿಸಿದ್ದು ಇಂಥ ವರದಿಗಳನ್ನು ನಕ್ಷೆಯ ಮೇಲೆ ಜೋಡಿಸಿಟ್ಟು. ಜನ ಎಲ್ಲ ಬಿರುಗಾಳಿಯನ್ನೂ 'ಟಾರ್ನೇಡೊ' ಎನ್ನುತ್ತಿದ್ದರು. ಅದು ಸುತ್ತುವ ಗಾಳಿ. ಹಿನ್ರಿಕ್ಸ್ ಕಂಡದ್ದು ಸುತ್ತದೆ ಮುನ್ನುಗ್ಗುವ ಗಾಳಿ. ಎರಡಕ್ಕೂ ಒಂದೇ ಹೆಸರು ಸಲ್ಲದೆಂದು ಅವನು 1888ರಲ್ಲಿ ಪ್ರಕಟವಾದ ಲೇಖನದಲ್ಲಿ ವಾದಿಸಿದನು. ಆ ಮಾತು ಆಮೇಲೆ ಹತ್ತಿರಹತ್ತಿರ ನೂರು ವರ್ಷ ಮರೆವಿನಲ್ಲಿ ಬಿದ್ದಿದ್ದು, 1987ರಲ್ಲಿ ಇಬ್ಬರು ಹವಾಮಾನ ತಜ್ಞರ ಕೈಯಲ್ಲಿ ಮತ್ತೆ ಜೀವ ಪಡೆಯಿತು.

ಕನ್ನಡ ಕಲಿಸುವವನಾದ್ದರಿಂದ ಈ ಹೆಸರಿನ ಕಥೆಯ ಬಳಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಂತರೆ ವಾಚಕರು ಮನ್ನಿಸಬೇಕು. ಸುತ್ತುವ ಗಾಳಿಗೆ ನಮ್ಮಲ್ಲಿ ಸುಂಟರಗಾಳಿ ಎಂಬ ಚೆಲುವಾದ ಮಾತಿದೆ. ಸಮುದ್ರದಿಂದೇಳುವುದು ಚಂಡಮಾರುತ. ಉಳಿದುದೆಲ್ಲ ಬಿರುಗಾಳಿ. ಆದರೆ ಬರವಣಿಗೆಯಲ್ಲಿ ಈ ಮೂರನ್ನೂ ಒಂದರ ಬದಲು ಒಂದು ಬಳಸುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಹೆಸರಿನಲ್ಲೇನಿದೆ ಎಂದು ಕೇಳುವವರುಂಟು. ಹೆಸರಿನಲ್ಲಿ ಏನಿತ್ತೆಂಬುದು 2020ರಲ್ಲಿ ಅಯೋವಾದ ಜನಕ್ಕೆ ತಿಳಿಯಿತು. ಆ ಸಂಗತಿಗೆ ಮುಂದೆ ಬರುತ್ತೇನೆ.

ಗಾಳಿ ಹೀಗೆ ಮುನ್ನುಗ್ಗುವುದೇಕೆ? ಗುಡುಗುಮೋಡದಿಂದ ಬೀಳುವ ಮಳೆ ದಾರಿಯಲ್ಲಿ ಒಣಹವೆಯನ್ನು ಹೊಕ್ಕು ಒಂದಿಷ್ಟು ಆವಿಯಾಗುತ್ತದೆ. ಆವಿಯಾಗುವಾಗ ಸುತ್ತಲಿನ ಗಾಳಿಯನ್ನು ತಣಿಸುತ್ತದೆ. ತಣ್ಣನೆಯ ಗಾಳಿಗೆ ಭಾರ ಹೆಚ್ಚು. ಅದು ನೆಲಕ್ಕೆ ಕುಸಿದು, ಒಡೆದ ಕೆರೆಯ ನೀರಿನಂತೆ ಹರಡುತ್ತದೆ. ಹರಡುತ್ತ, ಮುಂದಿರುವ ಬಿಸಿಯಾದ, ತೇವ ತುಂಬಿದ ಗಾಳಿಯ ಅಡಿಗೆ ಬೆಣೆಯಂತೆ ನುಗ್ಗಿ ಅದನ್ನು ಮೇಲಕ್ಕೆತ್ತುತ್ತದೆ. ಅಲ್ಲಿ ಹೊಸ ಮೋಡ ಹುಟ್ಟುತ್ತದೆ. ಹೀಗೆ ಹಳೆಯ ಮೋಡದ ಸಾವೇ ಹೊಸ ಮೋಡದ ಹುಟ್ಟಿಗೆ ಕಾರಣವಾಗಿ ಸಾಲು ನಿಲ್ಲದೆ ನಡೆಯುತ್ತದೆ. ಹಿಂಭಾಗದಿಂದ ಇನ್ನೊಂದು ಗಾಳಿಯ ಹೊನಲು ಇಳಿದು ಸಾಲಿನ ನಡುವನ್ನು ಮುಂದಕ್ಕೆ ತಳ್ಳಿದಾಗ ಸಾಲು ಬಿಲ್ಲಾಗುತ್ತದೆ. ಬಿಲ್ಲಿನ ಉಬ್ಬು ಎಲ್ಲಿಯೋ ಹಾನಿಯೂ ಸಾಮಾನ್ಯವಾಗಿ ಅಲ್ಲಿ ಹೆಚ್ಚು. ಆಗಸ್ಟಿನ ಅಯೋವಾದಲ್ಲಿ ಕಣ್ಣು ಹರಿಯುವಷ್ಟೂ ಮೆಕ್ಕೆಜೋಳ. ಆ ಬೆಳೆ ಬಿಡುವ ಉಸಿರೂ ಹವೆಯ ತೇವಕ್ಕೆ ಕೂಡಿಕೊಳ್ಳುತ್ತದೆ.

ಈ ಬಿಲ್ಲಿನಾಕಾರಕ್ಕೆ ಹೆಸರಿಟ್ಟವನು ಟೆಟ್ಸುಯ ಫುಜಿತ ಎಂಬ ಜಪಾನೀ ವಿಜ್ಞಾನಿ. 1945ರಲ್ಲಿ ಅಣುಬಾಂಬು ಬಿದ್ದ ನಾಗಸಾಕಿಯಲ್ಲಿ ಮರಗಳು ಒಂದು ನಡುಬಿಂದುವಿನಿಂದ ಸುತ್ತಲೂ ಹೊರಮುಖವಾಗಿ ಉರುಳಿದ್ದುದನ್ನು ಈತ ಕಂಡಿದ್ದನು. ಬಹು ವರ್ಷಗಳ ಅನಂತರ ಅಮೆರಿಕದ ಕಾಡುಗಳ ಮೇಲೆ ವಿಮಾನದಲ್ಲಿ ಹಾರುವಾಗ ಅದೇ ಬಗೆಯ ಉರುಳು ಕಣ್ಣಿಗೆ ಬಿದ್ದು, ಮೋಡದಿಂದ ಗಾಳಿ ನೆಲಕ್ಕೆ ಅಪ್ಪಳಿಸಿ ಚದುರುವುದುಂಟೆಂದು ಊಹಿಸಿದನು. ಆ ಊಹೆಯನ್ನು ಒಪ್ಪದ ಪಂಡಿತರು ಅಂದು ಹಲವರಿದ್ದರು.

ಇನ್ನು ಹವ್ಯಾಸಿಗಳ ವಿಚಾರ. ಇವರನ್ನು ಕಂಡು ನಗುವವರಿದ್ದಾರೆ. ಪರರ ಮನೆಯ ಮಾಡು ಹಾರುವುದನ್ನು ವಿನೋದವಾಗಿ ನೋಡುವವರೆಂದು ಹಳಿಯುವವರೂ ಇದ್ದಾರೆ. ಅದು ಪೂರ್ಣ ನ್ಯಾಯವಲ್ಲ. ಉತ್ತರ ಡಕೋಟಾದ ಡೇವಿಡ್ ಹೋಡ್ಲಿ 1956ರಿಂದ ಸ್ವಂತ ಕಾರಿನಲ್ಲಿ ಬಿರುಗಾಳಿಗಳ ಬೆನ್ನುಹತ್ತಿ, 1977ರಲ್ಲಿ ತನ್ನಂಥವರಿಗಾಗಿಯೇ ಒಂದು ಪತ್ರಿಕೆ ಹೊರಡಿಸಿದನು. 1970ರ ಸುಮಾರಿನಿಂದ ಅಲ್ಲಿಯ ರಾಷ್ಟ್ರೀಯ ಹವಾಮಾನ ಸೇವೆ ಸ್ವಯಂಸೇವಕ ವೀಕ್ಷಕರಿಗೆ ತರಬೇತಿ ಕೊಡುತ್ತ ಬಂದಿದೆ. ಇಂದು ಅವರ ಸಂಖ್ಯೆ ಲಕ್ಷಗಳಲ್ಲಿದೆ. ಇಷ್ಟು ಯಂತ್ರಗಳಿದ್ದೂ ಮನುಷ್ಯರ ಕಣ್ಣೇಕೆ ಎಂದರೆ, ರೇಡಾರಿನ ಕಿರಣ ನೇರವಾಗಿ ಸಾಗುತ್ತದೆ, ಭೂಮಿ ಬಾಗಿದೆ. ಅರವತ್ತು ಮೈಲಿ ದೂರ ಹೋಗುವಷ್ಟರಲ್ಲಿ ಅತ್ಯಂತ ಕೆಳಗಿನ ಕಿರಣವೂ ನೆಲದಿಂದ ನಾಲ್ಕು ಸಾವಿರ ಅಡಿಗೂ ಮೇಲಿರುತ್ತದೆ. ಮೋಡದ ಹೊಟ್ಟೆಯೊಳಗೇನಿದೆ ಎಂದು ಅದು ಹೇಳಬಲ್ಲುದು. ಅಂಗಳದ ಮರ ಬಿತ್ತೋ ಇಲ್ಲವೋ ಎಂಬುದನ್ನು ಅಂಗಳದಲ್ಲಿದ್ದವನೇ ಹೇಳಬೇಕು. ನಮ್ಮ ಕರಾವಳಿಯ ಅಡಿಕೆ ತೋಟಗಳಲ್ಲಿಯೂ ದಶಕಗಳಿಂದ ದಿನ ತಪ್ಪದೆ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುವ ಕೃಷಿಕರಿದ್ದಾರೆ. ಹಿನ್ರಿಕ್ಸನ ಸ್ವಯಂಸೇವಕರಿಗೂ ಇವರಿಗೂ ನಂಟು ಕಾಣುವುದು ಕಷ್ಟವಲ್ಲ. ಈ ಕುತೂಹಲಕ್ಕೆ ಬೆಲೆ ತೆತ್ತವರೂ ಇದ್ದಾರೆ. 2013ರ ಮೇ 31ರಂದು ಓಕ್ಲಹೋಮದ ಎಲ್ ರೀನೊ ಬಳಿ, ಎರಡೂವರೆ ಮೈಲಿಗೂ ಅಗಲವಾಗಿದ್ದ ಸುಂಟರಗಾಳಿಯೊಂದು ತಟ್ಟನೆ ದಿಕ್ಕು ಬದಲಿಸಿ ಟಿಮ್ ಸಮರಾಸ್, ಆತನ ಮಗ ಪಾಲ್, ಸಂಗಡಿಗ ಕಾರ್ಲ್ ಯಂಗ್ ಮೂವರನ್ನೂ ಕೊಂದಿತು. ಸಮರಾಸನದು ಹುಡುಗಾಟವಲ್ಲ, ಗಾಳಿಯ ಒಳಗಿನ ಒತ್ತಡವನ್ನು ಅಳೆಯುವ ಶೋಧನೆ.

ಆಗಸ್ಟ್ 10ರ ಗಾಳಿಗೆ ಮತ್ತೆ ಬರೋಣ. ಇಷ್ಟು ದೊಡ್ಡದು ಬರುವುದೆಂದು ಅಂದಿನ ಬೆಳಗಿನ ಮುನ್ಸೂಚನೆಯಲ್ಲಿ ಇರಲಿಲ್ಲ. ಸಾಲು ಬಲಿಯುತ್ತ ಬಂದಂತೆ ಅಪಾಯದ ಮಟ್ಟವನ್ನು ಹಗಲಿನಲ್ಲೇ ಏರಿಸಬೇಕಾಯಿತು. ಆದ್ದರಿಂದ ಗೆರೆಯನ್ನು ಕ್ಷಣಕ್ಷಣವೂ ಹಿಂಬಾಲಿಸುತ್ತಿದ್ದವರಿಗೆ ತಿಳಿದಷ್ಟು, ಬೆಳಗಿನ ಮುನ್ಸೂಚನೆ ಕೇಳಿ ಕೆಲಸಕ್ಕೆ ಹೊರಟವನಿಗೆ ತಿಳಿದಿರಲಿಲ್ಲ. ರೇಡಿಯೋ ಟೆಲಿವಿಷನ್ನುಗಳಲ್ಲಿ ಎಚ್ಚರಿಕೆ ಬಂದಿತ್ತು, ನಿಜ. ಆದರೆ ಕೈಯಲ್ಲಿರುವ ಫೋನನ್ನು ತಾನಾಗಿ ಕಿರುಚಿಸುವ ತುರ್ತು ಸಂದೇಶದ ಏರ್ಪಾಡು ಅಂದು ಟಾರ್ನೇಡೊ ಎಚ್ಚರಿಕೆಗೆ ಇತ್ತು, ಗುಡುಗುಮಳೆಯ ಎಚ್ಚರಿಕೆಗೆ ಇರಲಿಲ್ಲ. ಸುತ್ತುವ ಗಾಳಿಯಾದರೆ ಅದು ದುರ್ಬಲವಾಗಿದ್ದರೂ ಫೋನು ಕೂಗುತ್ತಿತ್ತು. ನೇರ ಗಾಳಿ ಎಷ್ಟು ಪ್ರಬಲವಾಗಿದ್ದರೂ ಆ ಹೆಸರಿಗೆ ಕೂಗುತ್ತಿರಲಿಲ್ಲ. ಜನ ಟಾರ್ನೇಡೊ ಎಂದರೆ ನೆಲಮಾಳಿಗೆಗೆ ಓಡುತ್ತಾರೆ, ಗುಡುಗುಮಳೆ ಎಂದರೆ ಕಿಟಕಿ ಮುಚ್ಚುತ್ತಾರೆ. ಹಿನ್ರಿಕ್ಸ್ ನೂರಮೂವತ್ತು ವರ್ಷದ ಹಿಂದೆ ಬೇರೆ ಮಾಡಿಕೊಟ್ಟ ಎರಡು ಹೆಸರುಗಳಲ್ಲಿ ಒಂದಕ್ಕೆ ಮಾತ್ರ ಜನರ ಕಿವಿಯಲ್ಲಿ ಭಯವಿತ್ತು. ಈ ಲೋಪವನ್ನು ಸರಿಪಡಿಸಿದ್ದು 2021ರಲ್ಲಿ: ಗಂಟೆಗೆ 80 ಮೈಲಿ ಅಥವಾ ಅದಕ್ಕೂ ಹೆಚ್ಚು ವೇಗದ ಗಾಳಿಯನ್ನು ನಿರೀಕ್ಷಿಸುವ ಗುಡುಗುಮಳೆಗೂ ಅಂದಿನಿಂದ ಫೋನು ಕೂಗುತ್ತದೆ.

ಅಂದು ಸೀಡರ್ ರ‍್ಯಾಪಿಡ್ಸಿನಲ್ಲಿ ಬೀಸಿದ್ದು ಗಂಟೆಗೆ 140 ಮೈಲಿ, ಅಂದರೆ ಸುಮಾರು 225 ಕಿಲೋಮೀಟರ್ ವೇಗದ ಗಾಳಿ. ಇದು ಕಟ್ಟಡಗಳ ಹಾನಿಯನ್ನು ಕಂಡು ಕಟ್ಟಿದ ಅಂದಾಜು. ಹತ್ತಿರದ ಆಟ್ಕಿನ್ಸ್ ಎಂಬಲ್ಲಿ ಉಪಕರಣವೇ ಅಳೆದದ್ದು 126 ಮೈಲಿ. ಸುಂಟರಗಾಳಿ ಒಂದು ಮನೆಯ ಮೇಲೆ ಇರುವುದು ಕೆಲವು ನಿಮಿಷ. ಇದು ಕೆಲವೆಡೆ ಅರ್ಧ ಗಂಟೆಗೂ ಮೀರಿ ಬೀಸಿತು. ಮರಗಳಿಗೆ ಹೆಸರಾದ ನಗರ ತನ್ನ ಮರದ ನೆರಳಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಂದು ಮಧ್ಯಾಹ್ನದಲ್ಲಿ ಕಳೆದುಕೊಂಡಿತು. ದಕ್ಷಿಣ ಡಕೋಟಾದಿಂದ ಓಹಾಯೋವರೆಗೆ 770 ಮೈಲಿಯನ್ನು ಸಾಲು 14 ಗಂಟೆಯಲ್ಲಿ ದಾಟಿತು. ಲಕ್ಷಾಂತರ ಎಕರೆ ಮೆಕ್ಕೆಜೋಳ ನೆಲಕ್ಕೆ ಒರಗಿತು. ನಷ್ಟ 1,100 ಕೋಟಿ ಡಾಲರ್ ಎಂದು ಸರಕಾರದ ಲೆಕ್ಕ. ಒಂದೇ ಗುಡುಗುಮಳೆಯಿಂದ ಆ ದೇಶ ಅಲ್ಲಿಯವರೆಗೆ ಇಷ್ಟು ಕಳೆದುಕೊಂಡಿರಲಿಲ್ಲ. ಸತ್ತವರು ನಾಲ್ವರು. ಸಂಖ್ಯೆ ಸಣ್ಣದಾದುದೇ ಈ ಘಟನೆ ಬೇಗ ಮರೆತುಹೋಗಲು ಒಂದು ಕಾರಣವಾಯಿತೇನೋ.

ನನ್ನ ಮನಸ್ಸನ್ನು ಕಾಡುವುದು ಗಾಳಿ ದಾಟಿಹೋದ ಮೇಲಿನ ಹೊತ್ತು. ಹವ್ಯಾಸಿಯ ಕಣ್ಣು ಗೆರೆಯ ಮುಂಭಾಗದಲ್ಲಿರುತ್ತದೆ. ಹಾನಿ ಗೆರೆಯ ಹಿಂಭಾಗದಲ್ಲಿರುತ್ತದೆ. ರೇಡಾರಿನಲ್ಲಿ ಕೆಂಪು ಮುಂದೆ ಸರಿದ ಮೇಲೆ ಅಲ್ಲಿ ಉಳಿಯುವುದು ಬರಿಯ ಹಸಿರು, ಆಮೇಲೆ ಏನೂ ಇಲ್ಲ. ಸೀಡರ್ ರ‍್ಯಾಪಿಡ್ಸಿನಲ್ಲಿ ವಿದ್ಯುತ್ತು ಹೋಗಿತ್ತು. ಫೋನಿನ ಗೋಪುರಗಳು ಮೌನವಾಗಿದ್ದವು. ಹಾನಿಯ ವರದಿಗಳನ್ನು ಗುರುತಿಸುವ ನಕ್ಷೆಯಲ್ಲಿ ಹೆಚ್ಚು ಚುಕ್ಕೆಗಳು ಬೀಳುವುದು ಫೋನು ಇನ್ನೂ ನಡೆಯುತ್ತಿರುವ ಊರುಗಳಿಂದ. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದ ಊರಿಗೆ ಅದನ್ನು ಹೇಳಿಕೊಳ್ಳುವ ಬಾಯಿಯೂ ಇರುವುದಿಲ್ಲ. ಗಾಳಿಗೆ ಮುಂಚೆ ನೋಡುತ್ತಿದ್ದವರಿಗೆ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ. ಗಾಳಿಯ ಅನಂತರ ಊರಿಗೆ ಗೊತ್ತಿತ್ತು, ನೋಡುತ್ತಿದ್ದವರಿಗೆ ಗೊತ್ತಾಗಲಿಲ್ಲ. ರಾಷ್ಟ್ರದ ದೊಡ್ಡ ಪತ್ರಿಕೆಗಳು ಹಲವು ದಿನ ಇದಕ್ಕೆ ತಕ್ಕ ಜಾಗ ಕೊಡಲಿಲ್ಲವೆಂದು ಅಯೋವಾದ ಜನ ನೊಂದು ಹೇಳಿದರು. ರಾಷ್ಟ್ರಾಧ್ಯಕ್ಷರು ವಿಪತ್ತಿನ ಘೋಷಣೆಗೆ ಸಮ್ಮತಿಯಿತ್ತದ್ದು ಆಗಸ್ಟ್ 17ರಂದು, ಅಂದರೆ ಒಂದು ವಾರವಾದ ಮೇಲೆ. ಅಷ್ಟರಲ್ಲಿ ಆಫ್ರಿಕದಿಂದ ಬಂದು ನೆಲೆಸಿದ್ದ ನಿರಾಶ್ರಿತ ಕುಟುಂಬಗಳು ಮಾಡು ಹಾರಿಹೋದ ವಸತಿಗಳ ಮುಂದಿನ ಹುಲ್ಲಿನ ಮೇಲೆ ಡೇರೆ ಹಾಕಿ ಮಕ್ಕಳೊಡನೆ ಮಲಗುತ್ತಿದ್ದವು. ಒಮ್ಮೆ ಯುದ್ಧದಿಂದ ಓಡಿಬಂದವರು ಅವರು.

ಇದಕ್ಕೆ ಹವ್ಯಾಸಿಗಳನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ನಾನೂ ಅಂದು ರಾತ್ರಿ ಒಂದು ಗಂಟೆಯವರೆಗೆ ಗೆರೆಯನ್ನೇ ಹಿಂಬಾಲಿಸಿದೆ. ಶಿಷ್ಯನಿಂದ ಉತ್ತರ ಬರಲಿಲ್ಲವೆಂಬ ಆತಂಕವಿದ್ದೂ, ಬಿಲ್ಲು ಮಿಸಿಸಿಪಿ ನದಿಯನ್ನು ದಾಟುವುದೇ ಎಂದು ನೋಡುವ ಆಸೆ ಬಿಡಲಿಲ್ಲ. ಹಿನ್ರಿಕ್ಸನ ಸ್ವಯಂಸೇವಕರಿಗೆ ಈ ಪ್ರಲೋಭನವಿರಲಿಲ್ಲ. ಗಾಳಿ ಎಲ್ಲಿಗೆ ಹೋಗುತ್ತಿದೆಯೆಂದು ಅವರಿಗೆ ಕಾಣುತ್ತಲೇ ಇರಲಿಲ್ಲ. ತಮ್ಮ ಊರಿನಲ್ಲಿ ಏನು ಬಿತ್ತು, ಯಾವ ಕಡೆಗೆ ಬಿತ್ತು ಎಂಬುದನ್ನು ಗಾಳಿ ನಿಂತ ಮೇಲೆ ಹೊರಗೆ ಹೋಗಿ ನೋಡಿ ಬರೆಯುತ್ತಿದ್ದರು. ನೋಡುವ ಕೆಲಸ ಅವರಿಗೆ ಆರಂಭವಾಗುತ್ತಿದ್ದುದೇ ಅಲ್ಲಿಂದ.

ನಾಲ್ಕನೆಯ ದಿನ ಶಿಷ್ಯನ ಫೋನು ಬಂದಿತು. ಮನೆಯವರೆಲ್ಲ ಕ್ಷೇಮ. ಕಾರಿನ ಮೇಲೆ ಪಕ್ಕದ ಮನೆಯ ಓಕ್ ಮರ ಬಿದ್ದಿತ್ತು. ಫ್ರಿಜ್ಜಿನಲ್ಲಿದ್ದುದೆಲ್ಲ ಕೆಟ್ಟು, ಬೀದಿಯವರೆಲ್ಲ ಕೂಡಿ ಒಂದೇ ಒಲೆಯಲ್ಲಿ ಅಡಿಗೆ ಮಾಡಿಕೊಂಡಿದ್ದರಂತೆ. ಫೋನಿಗೆ ಜೀವ ಬಂದೊಡನೆ ಅವನು ಮೊದಲು ತೆರೆದದ್ದು ಅಂದಿನ ರೇಡಾರಿನ ಚಿತ್ರಗಳನ್ನೂ ಅವುಗಳ ಕೆಳಗೆ ಹವ್ಯಾಸಿಗಳು ಬರೆದಿದ್ದ ಮಾತುಗಳನ್ನೂ. ಹನ್ನೆರಡೂವರೆಯ ಹೊತ್ತಿಗೆ ತನ್ನ ಊರಿನ ಹೆಸರು ಅಲ್ಲಿ ಹಲವು ಬಾರಿ ಬಂದಿತ್ತು ಎಂದ. ಆಮೇಲೆ ಎಂದು ಕೇಳಿದೆ. "ಆಮೇಲೆಲ್ಲ ಶಿಕಾಗೋದ ಮಾತು, ಸರ್" ಎಂದ.